ಬ್ರೇಕಿನ ಗಾಳಿ ತೆಗೆಯಲು ಯಾವ ಸಲಕರಣೆ ಬೇಕು?

ಕಳೆದ ಸಂಚಿಕೆಯಲ್ಲಿ ಬಾವಿಯ ಪಂಪಿನ ವಾಷರನ್ನು ಮನೆಯಲ್ಲಿಯೇ ಬದಲಿಸುವ ಕ್ರಮವನ್ನು ಕುರಿತು ಬರೆದ ತರುವಾಯ ಬಂದ ಕಾಗದಗಳಲ್ಲಿ ಒಂದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. "ನಮ್ಮಲ್ಲಿ ಹಳೆಯ ಕಾರೊಂದಿದೆ. ಬ್ರೇಕಿನ ಏರ್ ತೆಗೆಯುವ ಸಾಮಾನುಗಳೆಂದು ಅಂಗಡಿಯವರು ಹತ್ತಾರು ಬಗೆಯವನ್ನು ಮುಂದಿಡುತ್ತಾರೆ. ನೂರು ರೂಪಾಯಿಯದೂ ಉಂಟು, ಸಾವಿರಾರು ರೂಪಾಯಿಯದೂ ಉಂಟು. ಮನೆಯಲ್ಲಿ ಈ ಕೆಲಸ ಮಾಡಿಕೊಳ್ಳುವವನು ಯಾವುದನ್ನು ಕೊಂಡರೆ ಹಣ ದಂಡವಾಗದು?" ಎಂದು ಹಾಸನೂರಿನ ಕಡೆಯ ವಾಚಕರೊಬ್ಬರು ಕೇಳಿದ್ದಾರೆ. ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದೆ ಇರುವುದು ಪ್ರಾಣದ ವಿಷಯ. ಈ ವಿಷಯದಲ್ಲಿ ನಾವು ಪಂಡಿತರಲ್ಲ. ಪಾಠ ಹೇಳುವುದು ನಮ್ಮ ಕಸುಬು. ಆದರೆ ಪೆಟ್ಟು ತಿಂದು ಕಲಿತವರಾದುದರಿಂದ ಉತ್ತರಿಸುವ ಅಲ್ಪ ಅಧಿಕಾರ ನಮಗುಂಟೆಂದು ಭಾವಿಸಿದ್ದೇವೆ.

ಆ ಪೆಟ್ಟಿನ ಕಥೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ನಮ್ಮ ತಾಳವಾಡಿ ಸೀಮೆಯವರು ಸತ್ಯಮಂಗಲಕ್ಕೋ ಕೊಯಮತ್ತೂರಿಗೋ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಘಟ್ಟವನ್ನು ಇಳಿಯಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಬಣ್ಣಾರಿ ಅಮ್ಮನ ಗುಡಿ ಸಿಗುವ ತನಕ 27 ಹೇರ್‌ಪಿನ್ ತಿರುವುಗಳು. ಮೂರು ವರ್ಷಗಳ ಹಿಂದೆ ನಮ್ಮ ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಮ್ಮ 2011ನೆಯ ಇಸವಿಯ ಮಾರುತಿ 800 ಕಾರಿನಲ್ಲಿ ಆ ಘಟ್ಟವನ್ನು ಇಳಿಯುತ್ತಿದ್ದೆವು. ಬೆಳಗಿನ ಹೊತ್ತು. ತಾಯಿಯವರು ಮುಂದಿನ ಸೀಟಿನಲ್ಲಿ ಕುಳಿತು ತಮ್ಮ ತವರಿನ ಯಾವುದೋ ಮದುವೆಯ ಸಂಗತಿ ಹೇಳುತ್ತಿದ್ದರು. ನಾವು ಮೂರನೆಯ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆವು. ಏನೋ ಸುಟ್ಟ ವಾಸನೆ ಬಂದುದನ್ನು ಮುಂದೆ ಹೋಗುತ್ತಿದ್ದ ಲಾರಿಯದೆಂದು ತಿಳಿದೆವು. ಅರ್ಧ ಘಟ್ಟ ಇಳಿದಿರಬೇಕು, ಒಂದು ತಿರುವಿನ ಮೊದಲು ಪೆಡಲನ್ನು ತುಳಿದಾಗ ಅದು ನೆನೆದ ಹತ್ತಿಯ ಮೇಲೆ ಕಾಲಿಟ್ಟಂತೆ ಮೆತ್ತಗೆ ತಳಕ್ಕೆ ಹೋಗಿ ಕುಳಿತಿತು.

ಎರಡನೆಯ ಗೇರಿಗೂ ಆಮೇಲೆ ಮೊದಲನೆಯದಕ್ಕೂ ಹೇಗೆ ಇಳಿಸಿದೆವೆಂಬುದು ಈಗ ಸ್ಪಷ್ಟವಾಗಿ ನೆನಪಿಲ್ಲ. ಹ್ಯಾಂಡ್‌ಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಬೆಟ್ಟದ ಮಗ್ಗುಲಿನ ಚರಂಡಿಗೆ ಎಡಚಕ್ರ ತಾಗಿಸಿ ನಿಲ್ಲಿಸಿದೆವು. ಹ್ಯಾಂಡ್‌ಬ್ರೇಕು ಕೆಲಸಮಾಡುವುದು ತಂತಿಯಿಂದ, ದ್ರವದಿಂದಲ್ಲ. ಆ ದಿನ ನಮ್ಮನ್ನು ಉಳಿಸಿದ್ದು ಆ ತಂತಿ. "ಯಾಕ್ ಮಗಾ ನಿಲ್ಲಿಸ್ದೆ?" ಎಂದರು ತಾಯಿಯವರು. "ಗಾಡಿ ಸ್ವಲ್ಪ ಬಿಸಿಯಾಗದೆ, ಆರ್ಲಿ ಅವ್ವಾ" ಎಂದೆವು. ಅದು ಸುಳ್ಳೂ ಆಗಿರಲಿಲ್ಲ. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಪೆಡಲು ತಾನೇ ಗಟ್ಟಿಯಾಯಿತು. ಉಳಿದ ತಿರುವುಗಳನ್ನು ಮೊದಲನೆಯ ಗೇರಿನಲ್ಲಿಯೇ ಇಳಿದೆವು. ತಾಯಿಯವರಿಗೆ ಈ ಮಾಸಿಕವನ್ನು ನಮ್ಮ ಮಗಳು ಓದಿ ಹೇಳುವ ವಾಡಿಕೆಯುಂಟು. ಈ ಸಂಚಿಕೆ ಕೈಸೇರಿದ ದಿನ ನಮಗೆ ಮನೆಯಲ್ಲಿ ಸನ್ಮಾನ ಕಾದಿದೆಯೆಂಬುದು ಖಂಡಿತ.

ನಡೆದದ್ದೇನೆಂದು ಕೆಳಗಿಳಿದ ಮೇಲೆ ಯೋಚಿಸಿದೆವು. ಕಾರಿನ ಬ್ರೇಕು ನಿಂತಿರುವುದು ಪ್ಯಾಸ್ಕಲನ ನಿಯಮದ ಮೇಲೆ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡವು ಎಲ್ಲ ಕಡೆಗೂ ಕುಂದದೆ ಹರಡುತ್ತದೆಂಬ ಈ ನಿಯಮವನ್ನು ನಾವೇ ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇವೆ. 5 ಮಿಲಿಲೀಟರಿನದೊಂದು, 20 ಮಿಲಿಲೀಟರಿನದೊಂದು ಸೂಜಿ ತೆಗೆದ ಸಿರಿಂಜುಗಳನ್ನು ಸಣ್ಣ ಕೊಳವೆಯಿಂದ ಜೋಡಿಸಿ, ನೀರು ತುಂಬಿ, ಸಣ್ಣದನ್ನು ಹುಡುಗಿಯೊಬ್ಬಳ ಕೈಗೂ ದೊಡ್ಡದನ್ನು ತರಗತಿಯ ಪೈಲ್ವಾನನ ಕೈಗೂ ಕೊಟ್ಟರೆ ಪೈಲ್ವಾನನು ಸೋಲುವುದನ್ನು ನೋಡಿ ಮಕ್ಕಳು ಕುಣಿಯುತ್ತಾರೆ. ಅದೇ ಕೊಳವೆಯಲ್ಲಿ ನೀರಿನ ನಡುವೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟು ನೋಡಿರಿ. ಹುಡುಗಿ ಒತ್ತಿದಷ್ಟೂ ಗುಳ್ಳೆ ಕುಗ್ಗುತ್ತದೆ, ಅತ್ತ ಕಡೆಯ ದಂಡ ಅಲುಗುವುದೇ ಇಲ್ಲ. ದ್ರವ ಒತ್ತಿದರೆ ಹೆಚ್ಚುಕಡಿಮೆ ಕುಗ್ಗದು, ಅನಿಲ ಕುಗ್ಗುತ್ತದೆ. ಬ್ರೇಕಿನ ಏರ್ ತೆಗೆಯುವ ಕೆಲಸದ ತಾತ್ಪರ್ಯವೆಲ್ಲ ಇಷ್ಟೇ. ಆದರೆ ನಮ್ಮ ಕಾರಿಗೆ ಹೊರಗಿನಿಂದ ಗಾಳಿ ಹೊಕ್ಕಿರಲಿಲ್ಲ. ಬ್ರೇಕಿನ ದ್ರವವು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹೊಸದಾಗಿದ್ದಾಗ ಡಾಟ್ 3 ಎಂಬ ವರ್ಗದ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4 ವರ್ಗದ್ದು ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದೆಂಬುದು ನಿಯಮ. ನೂರಕ್ಕೆ 3.7 ಭಾಗದಷ್ಟು ನೀರು ಸೇರಿದ ಮೇಲೆ ಅದೇ ಮಿತಿಯು ಕ್ರಮವಾಗಿ 140ಕ್ಕೂ 155ಕ್ಕೂ ಇಳಿದುಬಿಡುತ್ತದೆ. ಘಟ್ಟದಲ್ಲಿ ಬ್ರೇಕನ್ನು ಬಿಡದೆ ತುಳಿದರೆ ಚಕ್ರದ ಬಳಿಯ ದ್ರವ ಅಷ್ಟು ಕಾಯುವುದು ಕಷ್ಟವೇನಲ್ಲ. ಕುದ್ದರೆ ಆವಿ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ತಣಿದಾಗ ಆವಿ ಮರಳಿ ದ್ರವವಾಗಿ ಪೆಡಲು ಗಟ್ಟಿಯಾಗುತ್ತದೆ. ಏಳು ವರ್ಷ ನಾವು ಆ ದ್ರವವನ್ನು ಬದಲಿಸಿರಲಿಲ್ಲ. ಕಡಿಮೆಯಾದಾಗಲೆಲ್ಲ ಅಟ್ಟದ ಮೇಲೆ ಮುಚ್ಚಳ ಸಡಿಲವಾಗಿ ಬಿದ್ದಿದ್ದ ಹಳೆಯ ಡಬ್ಬಿಯಿಂದ ಮೇಲೆ ಸುರಿಯುತ್ತಿದ್ದೆವು. ಪ್ಯಾಸ್ಕಲನ ನಿಯಮವನ್ನು ಬಾಯಿಪಾಠ ಮಾಡಿಸುವ ಮೇಷ್ಟರ ಮನೆಯ ಅಟ್ಟದ ಸ್ಥಿತಿ ಇದು.

ಇಲ್ಲಿ ಒಂದು ಪದದ ವಿಷಯ ಹೇಳದೆ ಮುಂದೆ ಹೋಗಲಾರೆವು. ನಾವು ಕನ್ನಡದವರೂ ಕೆಳಗಿನ ತಮಿಳರೂ ಒಂದೇ ಬಾಯಿಂದ ಅದನ್ನು 'ಬ್ರೇಕ್ ಆಯಿಲ್' ಎನ್ನುತ್ತೇವೆ. ಅದು ಎಣ್ಣೆಯಲ್ಲ. ಎಣ್ಣೆಯೆಂಬ ಹೆಸರನ್ನು ನಂಬಿ ಎಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಆ ಡಬ್ಬಿಗೆ ಹೊಯ್ದರೆ ಒಳಗಿನ ರಬ್ಬರುಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ. ರೂಢಿಯ ಮಾತನ್ನು ಬದಲಿಸುವುದು ನಮ್ಮಿಂದಾಗದು, ಆದುದರಿಂದ ಮುಂದೆ ನಾವೂ 'ಆಯಿಲ್' ಎಂದೇ ಬರೆಯುತ್ತೇವೆ. ವಾಚಕರು ಅದರ ಅರ್ಥವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಸಲಕರಣೆಗಳು. ವಾಚಕ ಮಹಾಶಯರು ಕೇಳಿರುವುದು ಪಂಪುಗಳ ವಿಷಯವಾದರೂ ನಾವು ಮೊದಲು ಹೇಳುವುದು ಒಂದು ಸ್ಪ್ಯಾನರಿನ ವಿಷಯ. ಪ್ರತಿಯೊಂದು ಚಕ್ರದ ಹಿಂಬದಿಯಲ್ಲಿ ಬ್ಲೀಡಿಂಗ್ ನಿಪ್ಪಲ್ ಎಂಬ ಪುಟ್ಟ ಟೊಳ್ಳು ತಿರುಪು ಇರುತ್ತದೆ. ಅದನ್ನು ಕಾಲು ಸುತ್ತು ಸಡಿಲಿಸಿದರೆ ಹಳೆಯ ಆಯಿಲೂ ಗಾಳಿಯೂ ಹೊರಗೆ ಬರಬೇಕು. ಮಳೆ, ಕೆಸರು, ಬ್ರೇಕಿನ ಶಾಖ ಇವುಗಳಿಂದ ಅದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ನಾವು ಮೊದಲ ಸಲ ಮನೆಯಲ್ಲಿದ್ದ ಸಾಧಾರಣ ಬಾಯ್ದೆರೆದ ಸ್ಪ್ಯಾನರನ್ನು ಹಿಡಿದು ಕೂತೆವು. ಅದು ಆರು ಮೂಲೆಗಳಲ್ಲಿ ಎರಡನ್ನು ಮಾತ್ರ ಹಿಡಿಯುತ್ತದೆ. ಒಂದು ಸಲ ಜಾರಿತು, ಎರಡನೆಯ ಸಲ ಬಲವಾಗಿ ಎಳೆದೆವು, ಮೂರನೆಯ ಸಲ ನಿಪ್ಪಲಿಗೆ ಮೂಲೆಗಳೇ ಇರಲಿಲ್ಲ, ಗೋಲಿಯಂತೆ ದುಂಡಗಾಗಿತ್ತು. ಅದನ್ನು ತೆಗೆಯಿಸಲು ಚಾಮರಾಜನಗರದ ಲೇತಿನವರಿಗೆ ಕೊಟ್ಟ ಹಣದಲ್ಲಿ ಒಳ್ಳೆಯ ಸ್ಪ್ಯಾನರ್ ಸೆಟ್ಟೇ ಬರುತ್ತಿತ್ತು.

ಆದುದರಿಂದ ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರೇ ಬೇಕು. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರಿಂಗಿನ ಒಳಗೆ ಹನ್ನೆರಡು ಹಲ್ಲುಗಳಿರುತ್ತವೆ. ಕಚ್ಚಿಕೊಂಡ ನಿಪ್ಪಲಿಗೆ ಆರು ಮೂಲೆಯದೇ ಕ್ಷೇಮ, ಏಕೆಂದರೆ ಅದು ಮೂಲೆಯ ತುದಿಯನ್ನಷ್ಟೇ ಅಲ್ಲದೆ ಪಕ್ಕದ ಮೈಯನ್ನೂ ಒತ್ತಿ ಹಿಡಿಯುತ್ತದೆ. ಆರು ಮೂಲೆಯ ರಿಂಗು ಸಿಗದಿದ್ದರೆ ಆರು ಮೂಲೆಯ ಸಾಕೆಟ್ ಸುಲಭವಾಗಿ ಸಿಗುತ್ತದೆ. ಮೊದಲು ಸಾಕೆಟ್ಟಿನಿಂದ ಒಮ್ಮೆ ಸಡಿಲಿಸಿ, ಮತ್ತೆ ಮೆಲ್ಲಗೆ ಬಿಗಿಮಾಡಿ, ಆಮೇಲೆ ಮಾಮೂಲು ರಿಂಗ್ ಸ್ಪ್ಯಾನರನ್ನು ಹಾಕಿ ಕೆಲಸ ನಡೆಸಬಹುದು. ನಂಬರ್ ಯಾವುದೆಂದು ಅಂಗಡಿಯವರನ್ನು ಕೇಳಬೇಡಿರಿ. ಕಾರಿನಿಂದ ಕಾರಿಗೆ 7ರಿಂದ 11ರವರೆಗೆ ವ್ಯತ್ಯಾಸವುಂಟು, ಒಂದೇ ಕಾರಿನಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಇರುವುದೂ ಉಂಟು. ತಂತಿ ಬ್ರಶ್ಶಿನಿಂದ ನಿಪ್ಪಲನ್ನು ಉಜ್ಜಿ, ಅಳತೆ ನೋಡಿಕೊಂಡು ಹೋಗಿ ಕೊಳ್ಳತಕ್ಕದ್ದು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಬುಡಕ್ಕೆ ಎರಡು ತೊಟ್ಟು ಬಿಟ್ಟಿರಬೇಕು. ಬ್ರೇಕಿನ ಲೈನಿಂಗಿಗಾಗಲಿ ಡಿಸ್ಕಿಗಾಗಲಿ ಅದು ತಾಗಬಾರದು. ಬಿಗಿಮಾಡುವಾಗ ಭುಜಬಲ ತೋರಿಸಬೇಡಿರಿ. ಒಳಗೆ ಟೊಳ್ಳಾದ ತಿರುಪು ಅದು. ಮಣಿಕಟ್ಟಿನ ಬಲ ಸಾಕು. ಉದ್ದ ಹಿಡಿಯ ಸ್ಪ್ಯಾನರಿಗಿಂತ ಗಿಡ್ಡ ಹಿಡಿಯದು ಇಲ್ಲಿ ಮೇಲು, ಅದು ನಮ್ಮ ಅತ್ಯುತ್ಸಾಹಕ್ಕೆ ತಾನೇ ಕಡಿವಾಣ ಹಾಕುತ್ತದೆ.

ಎರಡನೆಯದು ಕೊಳವೆ. ಅದು ಪಾರದರ್ಶಕವಾಗಿರಲೇಬೇಕು, ಏಕೆಂದರೆ ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಸಾಕ್ಷಿ ಎಂದರೆ ಅದರೊಳಗೆ ಹಾದುಹೋಗುವ ಗುಳ್ಳೆಗಳು ಮಾತ್ರ. ಗಾರೆಯವರು ಮಟ್ಟ ನೋಡುವ ಟ್ಯೂಬನ್ನು ನಾವು ಪ್ರಯತ್ನಿಸಿದೆವು. ದಪ್ಪವಾದುದರಿಂದ ನಿಪ್ಪಲಿನಿಂದ ಜಾರಿತು. ಆಸ್ಪತ್ರೆಯ ಗ್ಲೂಕೋಸ್ ಹಾಕುವ ಟ್ಯೂಬು ತೀರ ಸಣ್ಣದಾಯಿತು. ಕೊನೆಗೆ ಮೀನಿನ ತೊಟ್ಟಿಗೆ ಗಾಳಿ ಹಾಯಿಸುವ ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಹಿಗ್ಗಿಸಿ ತೊಡಿಸಿದಾಗ ಬಿಗಿಯಾಗಿ ಕುಳಿತಿತು. ಒಂದೂವರೆ ಮೊಳ ಸಾಕು. ಕೊಳವೆಯನ್ನು ತೊಡಿಸುವ ಮೊದಲು ರಿಂಗ್ ಸ್ಪ್ಯಾನರನ್ನು ನಿಪ್ಪಲಿಗೆ ಹಾಕಿರಬೇಕೆಂಬುದನ್ನು ಮರೆಯಬೇಡಿರಿ. ನಾವು ಮರೆತು, ಕೊಳವೆ ಕಿತ್ತು, ಅಂಗೈ ತುಂಬ ಆಯಿಲ್ ಸುರಿಸಿಕೊಂಡದ್ದುಂಟು.

ಕೊಳವೆಯ ಇನ್ನೊಂದು ತುದಿಗೆ ಒಂದು ಸೀಸೆ. ತಳದಲ್ಲಿ ಎರಡು ಬೆರಳಿನಷ್ಟು ಹೊಸ ಆಯಿಲ್ ಹಾಕಿ ಕೊಳವೆಯ ಬಾಯಿ ಅದರಲ್ಲಿ ಸದಾ ಮುಳುಗಿರುವಂತೆ ಇಡಬೇಕು. ಆಗ ಪೆಡಲು ಮೇಲೆ ಬರುವಾಗ ಒಂದುವೇಳೆ ಹಿಂದಕ್ಕೆ ಎಳೆದುಕೊಂಡರೂ ಆಯಿಲ್ ಹೋಗುತ್ತದೆಯೇ ವಿನಾ ಗಾಳಿ ಹೋಗದು. ಮುಚ್ಚಳಕ್ಕೆ ಎರಡು ತೂತು: ಒಂದು ಕೊಳವೆಗೆ, ಇನ್ನೊಂದು ಉಸಿರಿಗೆ. ಆದರೆ ಸೀಸೆ ಯಾವುದಾದರೂ ಆದೀತೆಂದು ಶರಬತ್ತಿನದನ್ನೋ ಕುಡಿಯುವ ನೀರಿನದನ್ನೋ ತೆಗೆದುಕೊಳ್ಳಬೇಡಿರಿ. ಈ ದ್ರವ ವಿಷ. ನೋಡಲು ಮಾತ್ರ ಎಳೆಯ ಜೇನಿನ ಬಣ್ಣದ್ದು. ಮಕ್ಕಳಿರುವ ಮನೆಯಲ್ಲಿ ಅಂಥ ಸೀಸೆ ಒಂದು ಗಳಿಗೆಯೂ ಅಂಗಳದಲ್ಲಿ ನಿಲ್ಲಬಾರದು. ನಾವು ಬಣ್ಣದ ಅಂಗಡಿಯಿಂದ ಟರ್ಪೆಂಟೈನಿನ ಖಾಲಿ ಸೀಸೆ ತಂದು, ತೊಳೆದು ಚೆನ್ನಾಗಿ ಒಣಗಿಸಿ, ಮೇಲೆ ಕೆಂಪು ಅಕ್ಷರದಲ್ಲಿ 'ವಿಷ' ಎಂದು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದಿದ್ದೇವೆ.

ಕೆಳಗೆ ಕೈ ಹಾಕುವ ಕೆಲಸವಾದುದರಿಂದ ಜ್ಯಾಕಿನ ವಿಷಯ. ಕಾರಿನ ಜೊತೆ ಬರುವ ಜ್ಯಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಮೇಲೆ ಸ್ಟ್ಯಾಂಡುಗಳ ಮೇಲೆ ಇಳಿಸಲೇಬೇಕು. ಹಾಲೋ ಬ್ಲಾಕುಗಳನ್ನು ಪೇರಿಸಿ ಕಾರನ್ನು ನಿಲ್ಲಿಸಿದ ಒಬ್ಬರ ಅಂಗಳವನ್ನು ನಾವು ಕಂಡಿದ್ದೇವೆ. ಅವು ಒಡೆದರೆ ಎಚ್ಚರಿಕೆ ಕೊಟ್ಟು ಒಡೆಯುವುದಿಲ್ಲ. ಎರಡು ಸ್ಟ್ಯಾಂಡು, ನೆಲ ಮಣ್ಣಾಗಿದ್ದರೆ ಅವುಗಳ ಕೆಳಗೆ ದಪ್ಪ ಹಲಗೆ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆಮುಂದೆ ಕಲ್ಲು. ಪಂಪಿಗೆ ಇಟ್ಟ ಹಣವನ್ನು ಮೊದಲು ಇದಕ್ಕೆ ಖರ್ಚುಮಾಡಿರಿ.

ಈಗ ಅಂಗಡಿಯವರ ಗಾಜಿನ ಕಪಾಟಿಗೆ ಬರೋಣ. ಅಲ್ಲಿರುವ ದುಬಾರಿ ಸಾಮಾನುಗಳೆಲ್ಲ ಹುಟ್ಟಿರುವುದು ಒಂದೇ ಕೊರತೆಯಿಂದ: ಪೆಡಲು ತುಳಿಯಲು ಎರಡನೆಯವರಿಲ್ಲ ಎಂಬ ಕೊರತೆ. ಆದುದರಿಂದ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಮನೆಯಲ್ಲಿ ಹೇಳಿದ ಮಾತಿಗೆ ತಕ್ಕಂತೆ ಪೆಡಲನ್ನು ತುಳಿದು ಹಿಡಿಯುವವರು ಒಬ್ಬರಿದ್ದಾರೆಯೇ ಎಂಬುದು. ಇದ್ದರೆ ಪಂಪಿನ ಅವಶ್ಯಕತೆಯೇ ಇಲ್ಲ.

ಇದನ್ನು ತಿಳಿಯದೆ ನಾವು ಅನುಭವಿಸಿದ್ದನ್ನೂ ಹೇಳಿಬಿಡುತ್ತೇವೆ. ಘಟ್ಟದ ಸಂಗತಿ ಕೇಳಿ ಕೊಯಮತ್ತೂರಿನಲ್ಲಿರುವ ನಮ್ಮ ಮಗನು ಗಾಬರಿಯಾಗಿ ಕೈಯಿಂದ ಅದುಮಿ ಹೀರುವ ನಿರ್ವಾತ ಪಂಪೊಂದನ್ನು ಕಳುಹಿಸಿದನು. ಗಡಿಯಾರದಂಥ ಮುಳ್ಳು, ಪುಟ್ಟ ಡಬ್ಬಿ, ನಾಲ್ಕಾರು ತುದಿಗಳು, ಪೆಟ್ಟಿಗೆಯೂ ಬಹಳ ಚೆಂದ. ಒಂದು ಭಾನುವಾರ ಬೆಳಗ್ಗೆ ಕುಳಿತೆವು. ಹೀರಿದಂತೆಲ್ಲ ಕೊಳವೆಯಲ್ಲಿ ಗುಳ್ಳೆಗಳು ಬರತೊಡಗಿದವು. ಮೊದಲು ಸಂತೋಷವಾಯಿತು. ಮಧ್ಯಾಹ್ನವಾದರೂ ಗುಳ್ಳೆ ನಿಲ್ಲಲಿಲ್ಲ, ಅರ್ಧ ಲೀಟರ್ ಆಯಿಲ್ ಮುಗಿಯಿತು, ಊಟ ತಣ್ಣಗಾಯಿತು. ಆ ಗುಳ್ಳೆಗಳು ಬ್ರೇಕಿನೊಳಗಿನವಲ್ಲವೇ ಅಲ್ಲ. ನಿಪ್ಪಲನ್ನು ಸಡಿಲಿಸಿದಾಗ ಅದರ ಮರೆಗಳ ಸಂದಿನಿಂದ ಹೊರಗಿನ ಗಾಳಿಯನ್ನೇ ಪಂಪು ಎಳೆದುಕೊಳ್ಳುತ್ತಿತ್ತು. ಕೆಲಸ ಹನ್ನೊಂದು ಗಂಟೆಗೇ ಮುಗಿದಿತ್ತೆಂದು ಈಗ ಅನಿಸುತ್ತದೆ. ನಿಪ್ಪಲಿನ ಬುಡಕ್ಕೆ ಸುತ್ತ ಗ್ರೀಸ್ ಮೆತ್ತಿದರೆ ಈ ಸುಳ್ಳು ಗುಳ್ಳೆಗಳು ತಕ್ಕಮಟ್ಟಿಗೆ ಕಡಿಮೆಯಾಗುತ್ತವೆಂದು ತರುವಾಯ ಕಲಿತೆವು. ಒಂಟಿಯಾಗಿರುವವರಿಗೆ ಆ ಪಂಪು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಹಳೆಯ ಆಯಿಲನ್ನು ಎಳೆದು ಹೊಸದನ್ನು ತುಂಬಿಸಲು ಅದು ಒದಗುತ್ತದೆ. ಗುಳ್ಳೆ ನಿಂತಿತೇ ಇಲ್ಲವೇ ಎಂದು ತೀರ್ಮಾನಿಸಲು ಮಾತ್ರ ಅದನ್ನು ನಂಬಬಾರದು. ಪೆಡಲನ್ನು ತುಳಿದು ನೋಡಬೇಕು.

ಇನ್ನೊಂದು, ಮೇಲಿನ ಆಯಿಲ್ ಡಬ್ಬಿಗೆ ಮುಚ್ಚಳದಂತೆ ಕೂರಿಸಿ ಒತ್ತಡದಿಂದ ಆಯಿಲನ್ನು ತಳ್ಳುವ ಪಂಪು. ಒಬ್ಬರೇ ಮಾಡುವ ವಿಧಾನಗಳಲ್ಲಿ ಇದೇ ಮೇಲೆಂದು ನಮ್ಮ ಅಭಿಪ್ರಾಯ, ಏಕೆಂದರೆ ಒಳಗಿನಿಂದ ಹೊರಕ್ಕೆ ತಳ್ಳುವಾಗ ಹೊರಗಿನ ಗಾಳಿ ನುಸುಳುವ ಪ್ರಶ್ನೆಯಿಲ್ಲ. ಆದರೆ ಅದರ ಮುಚ್ಚಳ ನಿಮ್ಮ ಕಾರಿನ ಡಬ್ಬಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಆಯಿಲ್ ಚಿಮ್ಮಿ ಬಾನೆಟ್ಟಿನ ಬಣ್ಣವನ್ನೇ ಸುಲಿದುಹಾಕುತ್ತದೆ. ಬಿದ್ದ ಕೂಡಲೇ ಧಾರಾಳವಾಗಿ ನೀರು ಹೊಯ್ಯಬೇಕು. ಒಂದು ಬಕೆಟ್ ನೀರು ಪಕ್ಕದಲ್ಲಿರಲಿ. ಒತ್ತಡ ಚದರ ಅಂಗುಲಕ್ಕೆ 10ರಿಂದ 15 ಪೌಂಡು, ಅದಕ್ಕಿಂತ ಹೆಚ್ಚು ಬೇಡ. ನಮ್ಮ ಕಡೆಯ ಬುದ್ಧಿವಂತ ರೈತರು ಬೆಳೆಗೆ ಔಷಧಿ ಹೊಡೆಯುವ ಪಂಪಿನಿಂದ ಇದನ್ನು ತಯಾರಿಸಬಹುದೆಂದು ಈಗಾಗಲೇ ಯೋಚಿಸಿರುತ್ತಾರೆ. ಹೊಸ ಪಂಪಿನಿಂದ ಹಾಗೆ ಮಾಡಿಕೊಂಡವರುಂಟು. ಔಷಧಿ ಹೊಡೆದ ಪಂಪನ್ನು ಮಾತ್ರ ಎಷ್ಟು ತೊಳೆದಿದ್ದರೂ ಬ್ರೇಕಿನ ಹತ್ತಿರಕ್ಕೆ ತರಕೂಡದು. ಒಳಗುಳಿದ ಒಂದು ಹನಿ ನೀರೇ ನಾವು ತೆಗೆಯಹೊರಟ ಶತ್ರು.

ಒಮ್ಮುಖ ಕವಾಟವಿರುವ ಅಗ್ಗದ ಕೊಳವೆಯೂ ಸಿಗುತ್ತದೆ. ಆಯಿಲ್ ಹೊರಗೆ ಹೋದೀತು, ಹಿಂದಕ್ಕೆ ಬಾರದು; ಒಬ್ಬರೇ ತುಳಿದು ಬಂದು ನೋಡಿ ಮತ್ತೆ ತುಳಿಯಬಹುದು. ಕವಾಟದಲ್ಲಿ ಕಸ ಕೂತರೆ ಅದು ತೆರೆದೇ ಉಳಿಯುವುದರಿಂದ, ಕವಾಟವಿದ್ದರೂ ಕೊಳವೆಯ ಬಾಯಿಯನ್ನು ಆಯಿಲಿನಲ್ಲಿ ಮುಳುಗಿಸಿಯೇ ಇಡಿರಿ.

ನಮ್ಮ ಮನೆಯಲ್ಲಿ ಈಗ ಪೆಡಲಿನ ಅಧಿಕಾರ ನಮ್ಮ ಮನೆಯವರದು. ಮೂರು ಮಾತು ಗೊತ್ತುಮಾಡಿಕೊಂಡಿದ್ದೇವೆ: ತುಳಿ, ಹಿಡಿ, ಬಿಡು. ನಾವು 'ತುಳಿ' ಎಂದಾಗ ಅವರು ನಿಧಾನವಾಗಿ ತುಳಿದು 'ಹಿಡಿದಿದ್ದೀನಿ' ಎನ್ನಬೇಕು; ಆಮೇಲೆಯೇ ನಾವು ನಿಪ್ಪಲನ್ನು ಸಡಿಲಿಸುವುದು. ಪೆಡಲು ತಳಕ್ಕೆ ಇಳಿಯುತ್ತದೆ, ಅವರು ಹಾಗೆಯೇ ಹಿಡಿದಿರಬೇಕು. ನಾವು ಬಿಗಿಮಾಡಿ 'ಬಿಡು' ಎಂದ ಮೇಲೆಯೇ ಕಾಲು ತೆಗೆಯಬೇಕು. ನಿಪ್ಪಲು ತೆರೆದಿರುವಾಗ ಪೆಡಲು ಮೇಲೆದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದ ನಮಗೆ ಇದು ಸುಲಭವೆಂದು ತಿಳಿದಿದ್ದೆವು. ಮೊದಲನೆಯ ದಿನ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ರೀ, ನಾನು ಹಿಡ್ದಿದ್ದೀನಿ ಅನ್ನೋಕ್ ಮುಂಚೆನೇ ನೀವ್ಯಾಕೆ ಬಿಚ್ತೀರಿ? ಶಾಲೆನಲ್ಲೂ ಹೀಗೇನಾ ಉತ್ತರ ಬರೋಕ್ ಮುಂಚೆ ಮುಂದಿನ್ ಪ್ರಶ್ನೆ?" ಎಂದರು. ತಪ್ಪು ನಮ್ಮದೇ ಆಗಿತ್ತು.

ಪೆಡಲಿನ ಕೆಳಗೆ ಇಡುವ ಮರದ ತುಂಡೂ ಒಂದು ಸಲಕರಣೆಯೇ, ಕಾಸಿನ ಖರ್ಚಿಲ್ಲದ್ದು. ಹಳೆಯ ಕಾರಿನಲ್ಲಿ ದಿನವೂ ಪೆಡಲು ಅರ್ಧದಷ್ಟೇ ಇಳಿಯುತ್ತಿರುತ್ತದೆ. ಮಾಸ್ಟರ್ ಸಿಲಿಂಡರಿನ ಉಳಿದ ಭಾಗದ ಒಳಮೈಯಲ್ಲಿ ತುಕ್ಕೂ ಕಸವೂ ಕೂತಿರುತ್ತದೆ. ಗಾಳಿ ತೆಗೆಯುವ ಭರದಲ್ಲಿ ತಳದ ತನಕ ತುಳಿದರೆ ಒಳಗಿನ ರಬ್ಬರು ಆ ಒರಟು ಜಾಗವನ್ನು ಉಜ್ಜಿ ಹರಿಯುತ್ತದೆ. ನಿನ್ನೆ ಇಲ್ಲದ ದೋಷ ಇಂದು ಹುಟ್ಟುತ್ತದೆ. ಎರಡು ಅಂಗುಲದ ತುಂಡೊಂದನ್ನು ಪೆಡಲಿನ ಅಡಿಗಿಟ್ಟರೆ ಈ ಭಯವಿಲ್ಲ.

ಆಯಿಲನ್ನು ಕೊಳ್ಳುವಾಗ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ 4 ಎಂದಿದೆಯೋ ನೋಡಿಕೊಳ್ಳಿ. 3 ಎಂದಿರುವಲ್ಲಿ 4ನ್ನು ಹಾಕಬಹುದು. ಡಾಟ್ 5 ಎಂಬುದು ಸಿಲಿಕೋನಿನದು, ಇವೆರಡರ ಜೊತೆ ಬೆರೆಸಕೂಡದು, ಡಾಟ್ 5.1 ಎಂಬುದು ಹೆಸರು ಹತ್ತಿರವಿದ್ದರೂ ಬೇರೆ ಜಾತಿ, 3 ಮತ್ತು 4ರ ಬಳಗದ್ದು. ಸೀಲು ಒಡೆಯದ ಅರ್ಧ ಲೀಟರಿನ ಡಬ್ಬಿಗಳನ್ನೇ ತನ್ನಿರಿ. ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಅಟ್ಟಕ್ಕೇರಿಸಬೇಡಿರಿ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ರೂಢಿ. ಘಟ್ಟದವರು ಅದನ್ನು ಮೀರಲು ಬಿಡಬಾರದು. ಮೇಲಿನ ಡಬ್ಬಿಯಲ್ಲಿರುವ ಕಪ್ಪಾದ ಆಯಿಲನ್ನು ಮೊದಲು ದೊಡ್ಡ ಸಿರಿಂಜಿನಿಂದ ಹೀರಿ ತೆಗೆದು ಹೊಸದನ್ನು ತುಂಬಿದರೆ ಕೆಲಸ ಅರ್ಧವಾಗುತ್ತದೆ. ಕೆಲಸದ ನಡುವೆ ಆ ಡಬ್ಬಿ ಎಂದೂ ಬರಿದಾಗಬಾರದು. ಬರಿದಾದರೆ ಮೇಲಿನಿಂದ ಗಾಳಿ ಹೊಕ್ಕು ಮೊದಲಿನಿಂದ ಶುರುಮಾಡಬೇಕು. ಯಾವ ಚಕ್ರದಿಂದ ಆರಂಭಿಸಬೇಕೆಂಬುದು ಕಾರಿನ ಪುಸ್ತಕದಲ್ಲಿರುತ್ತದೆ. ಹಳೆಯ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು, ಅಂದರೆ ಸಾಮಾನ್ಯವಾಗಿ ಹಿಂದಿನ ಎಡಚಕ್ರ, ಮೊದಲು.

ಮನೆಯ ಸಲಕರಣೆಯಿಂದ ಆಗದ ಕೆಲಸವೂ ಉಂಟು. ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಅದು ಗಾಳಿಯ ದೋಷವಲ್ಲ. ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಹೋಗಿದೆ. ಮೇಲಿನ ಡಬ್ಬಿಯಲ್ಲಿ ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಮೇಲೆ ಸುರಿಯುತ್ತ ಹೋಗದೆ ಕಾರಣವನ್ನು ಹುಡುಕಬೇಕು. 2019ರ ಏಪ್ರಿಲಿನಿಂದೀಚೆಗಿನ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ಅಂಥ ಕಾರುಗಳಲ್ಲಿ ಮಾಮೂಲಾಗಿ ಆಯಿಲ್ ಬದಲಿಸಲು ಅಡ್ಡಿಯಿಲ್ಲದಿದ್ದರೂ, ಆ ಯಂತ್ರದೊಳಕ್ಕೆ ಗಾಳಿ ಹೋಗಿದ್ದರೆ ಅದನ್ನು ತೆಗೆಯಲು ಕಂಪ್ಯೂಟರ್ ಜೋಡಿಸುವ ಉಪಕರಣ ಬೇಕಾಗುತ್ತದೆ. ಆಗ ಸರಂಜಾಮನ್ನು ಕಟ್ಟಿಟ್ಟು ತಿಳಿದವರ ಬಳಿಗೆ ಹೋಗತಕ್ಕದ್ದು. ಕೆಲಸ ಮುಗಿದ ಮೇಲೆ ಎಂಜಿನ್ ಶುರುಮಾಡಿ ಪೆಡಲು ಗಟ್ಟಿಯಾಗಿದೆಯೇ, ಯಾವ ನಿಪ್ಪಲಿನಲ್ಲಾದರೂ ಹನಿ ಕಾಣುತ್ತದೆಯೇ ಎಂದು ನೋಡದೆ ಕಾರನ್ನು ಅಂಗಳದಿಂದ ಕದಲಿಸಬಾರದು. ನಾವಂತೂ ಶಾಲೆಯ ಮೈದಾನದಲ್ಲಿ ಆಳು ನಡೆಯುವ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದ ಮೇಲೆಯೇ ರಸ್ತೆಗೆ ಇಳಿಸುವುದು.

ನಮ್ಮ ತಾಯಿಯವರನ್ನು ಇನ್ನೊಂದು ಕಣ್ಣಿಗೆಂದು ಹೋದ ವರ್ಷ ಅದೇ ದಾರಿಯಲ್ಲಿ ಕರೆದೊಯ್ದೆವು. ಘಟ್ಟದ ಉದ್ದಕ್ಕೂ ಎರಡನೆಯ ಗೇರು, ತಿರುವುಗಳಲ್ಲಿ ಮೊದಲನೆಯದು, ಬ್ರೇಕು ಬೇಕಾದಾಗ ಮಾತ್ರ. ಮದುವೆಯ ಕಥೆ ಬಣ್ಣಾರಿಯ ಹತ್ತಿರ ಮುಗಿಯಿತು.

ಹಿಂದಿನ ಡ್ರಮ್ಮುಗಳ ಬ್ರೇಕನ್ನು ಹೊಂದಿಸುವ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ; ಮೊದಲ ಸಲ ತುಳಿದಾಗ ಪೆಡಲು ಕೆಳಗಿಳಿದು ಎರಡನೆಯ ಸಲಕ್ಕೆ ಗಟ್ಟಿಯಾಗುತ್ತದೆಂದು ಬರೆದಿರುವವರು ಅಲ್ಲಿಯ ತನಕ ಘಟ್ಟಕ್ಕೆ ಹೋಗದಿರಲಿ. ಇಷ್ಟರಲ್ಲಿ ನಮ್ಮ ಮನೆಯಿಂದ 8–9ರ ರಿಂಗ್ ಸ್ಪ್ಯಾನರನ್ನು 'ಒಂದು ಗಂಟೆ'ಗೆಂದು ಒಯ್ದಿರುವ ಮಹನೀಯರು ದಯವಿಟ್ಟು ಅದನ್ನು ಹಿಂದಿರುಗಿಸಬೇಕಾಗಿ ಕೋರುತ್ತೇವೆ. ನಾಲ್ಕು ತಿಂಗಳಾಯಿತು.